ಮರುಳು ಎಂಬ ಮಾತಿನ ಎರಡು ಅರ್ಥ

(ಕೊಪ್ಪಳದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಹಳಗನ್ನಡದಲ್ಲಿ 'ಮರುಳ್' ಎಂದರೆ ಪಿಶಾಚಿ. ಯುದ್ಧ ಮುಗಿದ ರಣರಂಗದಲ್ಲಿ ಹೆಣಗಳ ನಡುವೆ ಕುಣಿಯುವ ಮರುಳುಗಳು ನಮ್ಮ ಹಳೆಯ ಕಾವ್ಯಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಅದೇ ಮಾತಿಗೆ ಹುಚ್ಚು, ಬುದ್ಧಿಭ್ರಮೆ ಎಂಬ ಅರ್ಥವೂ ಉಂಟು. ನಮ್ಮ ಕಡೆಯ 'ಮಳ್ಳ', 'ಮಳ್ಳಿ' ಅದರದೇ ಸವೆದ ರೂಪಗಳು. ಹಿಡಿಯುವ ದೆವ್ವಕ್ಕೂ ಹಿಡಿಸಿಕೊಂಡವರ ಸ್ಥಿತಿಗೂ ಕನ್ನಡ ಒಂದೇ ಹೆಸರಿಟ್ಟಿತ್ತು. ಮನೋರೋಗಕ್ಕೂ ದೆವ್ವದ ನಂಬಿಕೆಗೂ ಇರುವ ನಂಟು ಎಷ್ಟು ಹಳೆಯದು ಎನ್ನಲು ಈ ಒಂದು ಮಾತು ಸಾಕು.

ಆದರೆ ಅದೇ ಕನ್ನಡದಲ್ಲಿ ಬೇರೆ ಜಾತಿಯ ಮಾತುಗಳೂ ಇವೆ. ಹೆರಿಗೆಯಾದ ಹೆಣ್ಣುಮಗಳು ನಿದ್ದೆಗೆಟ್ಟು ಏನೇನೋ ಮಾತಾಡಿದರೆ ನಮ್ಮ ಅಜ್ಜಿಯರು 'ಬಾಣಂತಿ ಸನ್ನಿ' ಎನ್ನುತ್ತಿದ್ದರು. ಸನ್ನಿ ಎಂಬುದು ಸನ್ನಿಪಾತದ ಮೊಟಕು ರೂಪ. ವಾತ, ಪಿತ್ತ, ಕಫ ಮೂರೂ ಒಟ್ಟಿಗೆ ಕೆಟ್ಟ ಸ್ಥಿತಿ. 'ಪಿತ್ತ ನೆತ್ತಿಗೇರಿದೆ' ಎನ್ನುವುದೂ ಮೈಯ ಲೆಕ್ಕವೇ. ತಿಪ್ಪೆಯ ಪಕ್ಕ ಬೆಳೆಯುವ ಉಮ್ಮತ್ತಿ ಗಿಡದ ಹೆಸರು ಬಂದದ್ದು 'ಉನ್ಮತ್ತ'ದಿಂದ; ಅದರ ಬೀಜ ಹೊಟ್ಟೆಗೆ ಹೋದರೆ ಬಾಯಿ ಒಣಗಿ, ಮೈ ಸುಟ್ಟು, ಕಣ್ಣಪಾಪೆ ಅಗಲವಾಗಿ, ಇಲ್ಲದ್ದು ಕಾಣುತ್ತದೆ ಎಂದು ಹೆಸರಿಟ್ಟವರಿಗೆ ಗೊತ್ತಿತ್ತು. ಅಂದರೆ ಜನರ ಕೈಯಲ್ಲಿ ಎರಡೂ ವಿವರಣೆಗಳಿದ್ದವು, ಒಳಗಿನದು ಮತ್ತು ಹೊರಗಿನದು. 'ಹೊರಗಿಂದು ಆಗೈತ್ರಿ' ಎಂದು ಮನೆಯವರು ಹೇಳಿದ ಮೇಲೆ ರೋಗಿಯ ಮೈಯನ್ನು ನೋಡುವುದು ನಿಂತುಹೋಗುತ್ತದೆ. ದೇವರನ್ನು ನಂಬುವುದರಲ್ಲಿ ನಮಗೆ ತಕರಾರಿಲ್ಲ. ನೋಡುವುದು ನಿಲ್ಲುತ್ತದಲ್ಲ, ನಮ್ಮ ಚಿಂತೆ ಅದರ ಬಗ್ಗೆ.

ಇದೇ ಚಿಂತೆ ಹಳೆಯ ವೈದ್ಯರಿಗೂ ಇತ್ತು. ಚರಕ ಸಂಹಿತೆ ಉನ್ಮಾದವನ್ನು, ಅಂದರೆ ಹುಚ್ಚನ್ನು, ಐದು ಬಗೆ ಮಾಡುತ್ತದೆ. ವಾತ, ಪಿತ್ತ, ಕಫಗಳಿಂದ ಮೂರು, ಮೂರೂ ಸೇರಿ ಒಂದು, ಐದನೆಯದು 'ಆಗಂತು', ಅಂದರೆ ಹೊರಗಿನಿಂದ ಬಂದದ್ದು. ದೇವ, ಗಂಧರ್ವ, ಯಕ್ಷ, ಪಿಶಾಚಗಳ ಪಟ್ಟಿಯೇ ಅಲ್ಲಿದೆ. ಆದರೆ ನಿದಾನಸ್ಥಾನದ ಏಳನೆಯ ಅಧ್ಯಾಯದಲ್ಲಿ 'ನೈವ ದೇವಾ ನ ಗಂಧರ್ವಾ ನ ಪಿಶಾಚಾ ನ ರಾಕ್ಷಸಾಃ' ಎಂಬ ಶ್ಲೋಕವೂ ಇದೆ. ತಾನಾಗಿ ಕೆಡದ ಮನುಷ್ಯನನ್ನು ಇವರಾರೂ ಬಾಧಿಸುವುದಿಲ್ಲ, ಮೂಲ ಪ್ರಜ್ಞಾಪರಾಧ, ಅಂದರೆ ಬುದ್ಧಿ ದಾರಿ ತಪ್ಪಿ ಮಾಡಿದ ನಡೆ, ಎಂಬುದು ಅದರ ತಾತ್ಪರ್ಯ. ಸುಶ್ರುತ ಇನ್ನೂ ಖಡಾಖಂಡಿತ. ಉತ್ತರತಂತ್ರದ ಅರವತ್ತನೆಯ ಅಧ್ಯಾಯದಲ್ಲಿ, ದೇವತೆಗಳು ಮನುಷ್ಯರ ಮೈಯೊಳಗೆ ಹೊಗುವುದಿಲ್ಲ, ಹೊಗುತ್ತಾರೆ ಎಂದು ತಿಳಿಗೇಡಿತನದಿಂದ ಹೇಳುವವರನ್ನು ಭೂತವಿದ್ಯೆಯಿಂದ ಹೊರಗಿಡಬೇಕು ಎನ್ನುತ್ತಾನೆ. ಭೂತಬಾಧೆಗೆ ಚಿಕಿತ್ಸೆ ಹೇಳುವ ಈ ಭೂತವಿದ್ಯೆ ಆಯುರ್ವೇದದ ಎಂಟು ಅಂಗಗಳಲ್ಲಿ ಒಂದು. ಆ ಶಾಸ್ತ್ರದ ಒಳಗೇ ನಿಂತು ಆಡಿದ ಮಾತಿದು. ಇದನ್ನು ಹೇಳಿ ಹಳಬರನ್ನು ಇಂದಿನ ವಿಜ್ಞಾನಿಗಳನ್ನಾಗಿ ಮಾಡುವುದೂ ಸರಿಯಲ್ಲ. ಅದೇ ಚರಕ ಸಂಹಿತೆಯಲ್ಲಿ ಬಲಿ, ಮಂತ್ರಗಳಿವೆ. ಹಲ್ಲು ಕಿತ್ತ ಹಾವಿನಿಂದ ರೋಗಿಯನ್ನು ಹೆದರಿಸುವ, ಚಾಟಿಯಿಂದ ಹೊಡೆಯುವ ಚಿಕಿತ್ಸೆಗಳೂ ಇವೆ. ಇಂದು ಹುಣಸೆ ಬರಲು ಹಿಡಿದು ದೆವ್ವ ಬಿಡಿಸುವವರ ಕೈಗೂ ಆ ಪುಟಗಳಿಗೂ ಸಂಬಂಧವಿಲ್ಲ ಎನ್ನಲಾರೆವು.

ಗ್ರೀಸಿನಲ್ಲಿ ಕ್ರಿಸ್ತಪೂರ್ವ 400ರ ಸುಮಾರಿಗೆ ಹಿಪೊಕ್ರಾಟಿಸನ ಪರಂಪರೆಯ ವೈದ್ಯರೊಬ್ಬರು ಮೂರ್ಛೆರೋಗದ ಬಗ್ಗೆ ಬರೆದರು. ಜನ ಅದನ್ನು 'ಪವಿತ್ರ ರೋಗ' ಎನ್ನುತ್ತಿದ್ದರು. ಉಳಿದ ರೋಗಗಳಿಗಿಂತ ಇದರಲ್ಲಿ ಹೆಚ್ಚಿನ ದೈವವೇನೂ ಇಲ್ಲ, ಇದು ಮೆದುಳಿನ ಬೇನೆ, ಗುಣಪಡಿಸಲಾಗದವರು ತಮ್ಮ ಅಜ್ಞಾನ ಮುಚ್ಚಿಕೊಳ್ಳಲು ದೇವರ ಹೆಸರು ಹೇಳಿದರು ಎಂಬುದು ಅವರ ವಾದ. ಎರಡು ಸಾವಿರ ವರ್ಷ ಕಳೆದರೂ ಯುರೋಪಿನಲ್ಲಿ ಮಾಟಗಾತಿಯರೆಂದು ಹೆಂಗಸರನ್ನು ಸುಡುವುದು ನಿಂತಿರಲಿಲ್ಲ. 1563ರಲ್ಲಿ ಯೋಹಾನ್ ವೈಯರ್ ಎಂಬ ವೈದ್ಯ, ಇವರಲ್ಲಿ ಅನೇಕರು ಮನಸ್ಸಿನ ಬೇನೆಯವರು, ಇವರಿಗೆ ಬೇಕಾದದ್ದು ವೈದ್ಯ ಎಂದು ಬರೆದ. ಚಂದ್ರನಿಂದ ಹುಚ್ಚು ಕೆರಳುತ್ತದೆ ಎಂಬ ನಂಬಿಕೆಯಂತೂ ನಮ್ಮನ್ನಾಳಿದ ಬ್ರಿಟಿಷರ ಕಾನೂನಿಗೂ ಅಂಟಿಕೊಂಡಿತ್ತು. 1912ರ 'ಇಂಡಿಯನ್ ಲೂನಸಿ ಆ್ಯಕ್ಟ್' ಹೆಸರಿನಲ್ಲೇ ಲ್ಯಾಟಿನ್ ಭಾಷೆಯ ಚಂದ್ರ, ಲೂನಾ, ಇದ್ದಾನೆ. 'ಅಮಾಸಿ ಹುಣ್ಣಿಮಿಗೆ ಜೋರಾಗ್ತೈತ್ರಿ' ಎನ್ನುವ ಹಳ್ಳಿಯವರನ್ನು ನಾವು ತಿದ್ದಲು ಹೋಗುತ್ತೇವೆ. ದೇಶದ ಕಾನೂನು 1987ರ ಹೊಸ ಕಾಯ್ದೆ ಬರುವವರೆಗೂ ಅದನ್ನೇ ಹೇಳುತ್ತಿತ್ತು. ಅಮಾವಾಸ್ಯೆ, ಹುಣ್ಣಿಮೆಗಳಂದು ರೋಗ ಹೆಚ್ಚಿದಂತೆ ಕಾಣಲು ಸರಳ ಕಾರಣವೊಂದಿದೆ: ಅಂದು ರಾತ್ರಿ ಭಜನೆ, ಜಾಗರಣೆ, ಬಸ್ಸಿನ ಪ್ರಯಾಣ. ನಿದ್ದೆಗೆಟ್ಟರೆ ಉನ್ಮಾದವೂ (ಹುರುಪು ಮಿತಿಮೀರುವ ಮೇನಿಯಾ) ಕೆರಳುತ್ತದೆ, ಮೂರ್ಛೆಯೂ ಬರುತ್ತದೆ.

ಈಗ ನಮ್ಮ ಜೋಳದ ಸೀಮೆಗೆ ಬರೋಣ. ಮೈಗೂ ಮನಸ್ಸಿಗೂ ನಡುವಿನ ಗೋಡೆ ಎಷ್ಟು ತೆಳು ಎಂಬುದಕ್ಕೆ ಈ ನೆಲದ್ದೇ ಉದಾಹರಣೆ ಪೆಲಾಗ್ರ ಎಂಬ ಕೊರತೆ ರೋಗ. ನಯಾಸಿನ್ ಎಂಬ ಬಿ ಜೀವಸತ್ವ ಸಾಲದೆ ಬರುವಂಥದ್ದು. ಬಿಸಿಲು ಬೀಳುವ ಜಾಗದಲ್ಲಿ, ಅಂಗೈಯ ಹಿಂಬದಿ, ಪಾದ, ಕುತ್ತಿಗೆಯ ಸುತ್ತ, ಚರ್ಮ ಕಪ್ಪಾಗಿ ಸುಲಿಯುತ್ತದೆ. ನಾಲಿಗೆ ಕೆಂಪಾಗಿ ಉರಿಯುತ್ತದೆ, ಭೇದಿ ಹಿಡಿಯುತ್ತದೆ. ಜೊತೆಗೆ ನಿದ್ದೆ ಹೋಗಿ, ಸಿಡುಕು, ಮಂಕು, ಭಯ, ಕೊನೆಗೆ ಭ್ರಮೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಳೆದ ಶತಮಾನದ ಮೊದಲ ದಶಕಗಳಲ್ಲಿ ಹುಚ್ಚಾಸ್ಪತ್ರೆಗಳಲ್ಲಿ ಇಂಥವರು ತುಂಬಿದ್ದರು. ಅಲ್ಲಿ ಮೆಕ್ಕೆಜೋಳ ಕಾರಣ. ದಖ್ಖನ್ ಪ್ರಸ್ಥಭೂಮಿಯಲ್ಲಿ ಜೋಳ ಉಣ್ಣುವ ಬಡವರಲ್ಲೂ ಇದು ಇತ್ತು. ಹೈದರಾಬಾದಿನ ಪೋಷಣಾ ಪ್ರಯೋಗಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಇದನ್ನು ಬೆನ್ನುಹತ್ತಿ, ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲ ಕಾರಣವಿರಬಹುದು ಎಂದು 1960ರಲ್ಲಿ ಪ್ರಕಟಿಸಿದರು. ಆ ವಿವರಣೆಯ ಮೇಲೆ ಮುಂದೆ ಚರ್ಚೆಗಳಾದವು. ಚಿಕಿತ್ಸೆಯ ಮೇಲೆ ಚರ್ಚೆಯಿಲ್ಲ: ನಯಾಸಿನ್ನಿನದೇ ಒಂದು ರೂಪವಾದ ನಿಕೋಟಿನಮೈಡ್ ದಿನಕ್ಕೆ 300 ಮಿಲಿಗ್ರಾಂ, ಮೂರು-ನಾಲ್ಕು ವಾರ, ಮನಸ್ಸಿನ ಲಕ್ಷಣಗಳು ಕೆಲವೇ ದಿನಗಳಲ್ಲಿ ಇಳಿಯಲು ಶುರುವಾಗುತ್ತವೆ. ರೊಟ್ಟಿಯ ತಪ್ಪು ಎಂದು ಯಾರೂ ತಿಳಿಯಬಾರದು. ರೊಟ್ಟಿಯ ಜೊತೆ ಬೇಳೆ, ಶೇಂಗಾ ಹಿಂಡಿ, ಮೊಸರು, ತತ್ತಿ ಇದ್ದವರಿಗೆ ಈ ರೋಗ ಬರಲಿಲ್ಲ. ಬರಗಾಲದಲ್ಲಿ ಬರೀ ರೊಟ್ಟಿ, ಖಾರ ತಿಂದವರಿಗೆ ಬಂತು. ಇವತ್ತು ಇದು ಅಪರೂಪ. ಆದರೂ ಊಟ ಬಿಟ್ಟು ಕುಡಿಯುವವರಲ್ಲಿ, ಕ್ಷಯದ ಐಸೋನಿಯಾಜಿಡ್ ಗುಳಿಗೆ ನುಂಗುವ ಬಡಕಲು ಮೈಯವರಲ್ಲಿ ಕುತ್ತಿಗೆ ಮತ್ತು ಕೈ ನೋಡಲೇಬೇಕು. ಕುತ್ತಿಗೆಯಲ್ಲಿ ತಾಯತ ಇದ್ದರೆ ಅದರ ಕೆಳಗೂ ನೋಡಬೇಕು.

ಹಾಗಾದರೆ ದೆವ್ವ ಬಿಡಿಸಿದ್ದರಿಂದ ವಾಸಿಯಾಯಿತು ಎಂದು ಇಷ್ಟು ಜನ ಹೇಳುತ್ತಾರಲ್ಲ, ಅವರೆಲ್ಲ ಸುಳ್ಳು ಹೇಳುತ್ತಾರೆಯೇ? ಇಲ್ಲ. ಅವರು ಕಂಡದ್ದನ್ನೇ ಹೇಳುತ್ತಾರೆ. ಮೂರ್ಛೆ ಬಿದ್ದವರ ಕೈಗೆ ಕಬ್ಬಿಣದ ಕೀಲಿಕೈ ಕೊಡುತ್ತಾರೆ, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುತ್ತಾರೆ, ಒಂದೆರಡು ನಿಮಿಷದಲ್ಲಿ ನಡುಕ ನಿಲ್ಲುತ್ತದೆ. ಬಹುಪಾಲು ಮೂರ್ಛೆಗಳು ಏನೂ ಮಾಡದಿದ್ದರೂ ಒಂದೆರಡು ನಿಮಿಷದಲ್ಲೇ ನಿಲ್ಲುತ್ತವೆ. ಕೀಲಿಕೈ ಹುಡುಕಿ ತರುವ ಹೊತ್ತೂ ಅಷ್ಟೇ. ಕೆಲವು ಚಿತ್ತವಿಕಾರಗಳು ಒಂದು ತಿಂಗಳೊಳಗೆ ತಾವೇ ಇಳಿಯುತ್ತವೆ. ಉನ್ಮಾದ ಔಷಧವಿಲ್ಲದಿದ್ದರೂ ಕೆಲವು ತಿಂಗಳಲ್ಲಿ ತಗ್ಗಿ ಮತ್ತೆ ಬರುತ್ತದೆ. ಇಳಿಯುವ ಹೊತ್ತಿಗೆ ಕೊನೆಯದಾಗಿ ಯಾರ ಬಳಿ ಹೋಗಿದ್ದರೋ ಅವರಿಗೆ ಹೆಸರು ಬರುತ್ತದೆ. ಡಾಕ್ಟರಿಗೂ ಹೀಗೆ ಪುಕ್ಕಟೆ ಹೆಸರು ಬರುವುದುಂಟು.

ಇನ್ನೊಂದು ಕಾರಣವನ್ನು ಹಗುರವಾಗಿ ಕಾಣಬಾರದು. ಗುಡಿಯಲ್ಲಿ ರೋಗಿಗೆ ಜಾಗ, ಊಟ, ಜೊತೆ ಸಿಗುತ್ತದೆ; ಯಾರೂ ಹೀಯಾಳಿಸುವುದಿಲ್ಲ. ತಮಿಳುನಾಡಿನ ಮುತ್ತುಸ್ವಾಮಿ ಗುಡಿಯಲ್ಲಿ ಸರಾಸರಿ ಆರು ವಾರ ತಂಗಿದ್ದ 31 ಮಂದಿ ತೀವ್ರ ಮನೋರೋಗಿಗಳನ್ನು ನಿಮ್ಹಾನ್ಸ್ ತಂಡ ಪರೀಕ್ಷಿಸಿ 2002ರಲ್ಲಿ ವರದಿ ಮಾಡಿತು. ಲಕ್ಷಣಗಳ ತೀವ್ರತೆ ಅಳೆಯುವ ಅಂಕ ಸುಮಾರು ಶೇಕಡ 20ರಷ್ಟು ಕಡಿಮೆಯಾಗಿತ್ತು. ಅಲ್ಲಿ ಸರಪಳಿ, ಹೊಡೆತ ಇರಲಿಲ್ಲ ಎಂಬುದನ್ನು ಮರೆಯಬಾರದು. ಅದೇ ತಮಿಳುನಾಡಿನ ದರ್ಗಾ ಊರು ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಮನೆಗೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ 28 ಮಂದಿ ಸತ್ತರು.

ಮೈಮೇಲೆ ಬರುವುದೆಲ್ಲ ರೋಗವಲ್ಲ. ಮುದಗಲ್ಲಿನ ಮೊಹರಂನಲ್ಲಿ ದೇವರು ಹಿಡಿದವರ ಮೈ ತುಂಬುವುದು, ಮೈಲಾರದ ಗೊರವಪ್ಪ ಬಿಲ್ಲೇರಿ ಕಾರಣಿಕ ನುಡಿಯುವುದು, ಹುಲಿಗೆಮ್ಮನ ಗುಡಿಯಲ್ಲಿ ಜೋಗತಿ ನುಡಿಯುವುದು, ಇವಕ್ಕೆ ಹೊತ್ತು, ಜಾಗ, ಕ್ರಮ ಇದೆ. ಮುಗಿದ ಮೇಲೆ ಅವರು ಮನೆಗೆ ಹೋಗಿ ಊಟ ಮಾಡಿ ಮಲಗುತ್ತಾರೆ. ರೋಗ ಎನ್ನುವುದು ಅದು ಬೇಡವೆಂದರೂ ಬಂದಾಗ, ಆಚರಣೆಯ ಹೊರಗೆ ಮತ್ತೆ ಮತ್ತೆ ಬಂದಾಗ, ಕೆಲಸ-ಬದುಕು ಕೆಡಿಸಿದಾಗ. ಹೊಸದಾಗಿ ಮದುವೆಯಾದ ಸೊಸೆಯ ಮೈಮೇಲೆ ವಾರಕ್ಕೆರಡು ಸಲ 'ಗಾಳಿ' ಬರುತ್ತಿದ್ದರೆ ಮೊದಲು ಕೇಳಬೇಕಾದದ್ದು ಆ ಮನೆಯಲ್ಲಿ ಅವಳಿಗೆ ಏನಾಗುತ್ತಿದೆ ಎಂದು. ಬಾಯಿ ಬಿಟ್ಟು ಹೇಳಲಾಗದ್ದನ್ನು ಅವಳು ಇನ್ನೊಬ್ಬರ ದನಿಯಲ್ಲಿ ಹೇಳುತ್ತಿರಬಹುದು. ಇಂಥವರಿಗೆ ಗುಳಿಗೆಗಿಂತ ಮಾತು ಮುಖ್ಯ. ಅವರನ್ನು 'ನಾಟಕ ಮಾಡ್ತಾಳ' ಎನ್ನುವುದು ಬರಲಿನ ಏಟಿನಷ್ಟೇ ಕೆಟ್ಟದ್ದು.

ಜಡೆಯ ವಿಚಾರವೂ ಇಲ್ಲೇ ಬರಬೇಕು. ತಲೆಗೂದಲು ಗಂಟುಗಟ್ಟಿ ಜಡೆಯಾದರೆ ಎಲ್ಲಮ್ಮನೋ ಹುಲಿಗೆಮ್ಮನೋ ಕರೆದಳು ಎಂದು ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದರು. ಆ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ಜಡೆ ಕಟ್ಟಲು ಬೇಕಾದದ್ದು ಹೇನು, ತಲೆಹುಣ್ಣಿನ ಕೀವು, ಎಣ್ಣೆ-ಬಾಚಣಿಗೆ ಕಾಣದ ಕೆಲವು ತಿಂಗಳು. ಖಿನ್ನತೆಯಲ್ಲಿ, ಸ್ಕಿಜೋಫ್ರೇನಿಯಾದಲ್ಲಿ ರೋಗಿ ತಲೆ ತೊಳೆಯುವುದನ್ನೇ ಬಿಡುತ್ತಾರೆ, ಆಗಲೂ ಜಡೆ ಕಟ್ಟುತ್ತದೆ. ಜಡೆ ಕತ್ತರಿಸಿದರೆ ರಕ್ತ ಬರುತ್ತದೆ ಎಂಬ ಭಯವಿದೆ. ಕೂದಲಿನಲ್ಲಿ ರಕ್ತನಾಳವಿಲ್ಲ, ರಕ್ತ ಬರುವುದು ಕೆಳಗೆ ಹುಣ್ಣಿದ್ದರೆ. ಬುಡದಿಂದ ಒಂದಿಂಚು ಬಿಟ್ಟು ಕತ್ತರಿಸಿ, ಹೇನಿಗೆ ಔಷಧ ಹಚ್ಚಿ, ಹುಣ್ಣಿಗೆ ಚಿಕಿತ್ಸೆ ಕೊಡಬೇಕು. ಅದಕ್ಕೂ ಮೊದಲು ಅವರ ಒಪ್ಪಿಗೆ ಬೇಕು. ಒತ್ತಾಯದಿಂದ ಕತ್ತರಿಸಿದ ಮೇಲೆ ಬರುವ ಪ್ರತಿ ತಲೆನೋವೂ ಅವರಿಗೆ ಅಮ್ಮನ ಸಿಟ್ಟಾಗಿಯೇ ಕಾಣುತ್ತದೆ.

ಹನುಮಮಾಲೆ ಹಾಕಿ ಅಂಜನಾದ್ರಿಗೆ ಹೋಗುವವರ ಮನೆಯವರು ಇದನ್ನು ಗಮನವಿಟ್ಟು ಕೇಳಬೇಕು. ದಿನಾಲು ಕುಡಿಯುತ್ತಿದ್ದವರು ಮಾಲೆ ಹಾಕಿದ ದಿನವೇ ಒಮ್ಮೆಗೇ ಬಿಡುತ್ತಾರೆ. ಮನಸ್ಸು ದೊಡ್ಡದು, ಆದರೆ ಮೆದುಳು ಅಷ್ಟು ಬೇಗ ಹೊಂದಿಕೊಳ್ಳುವುದಿಲ್ಲ. ಮೊದಲ ದಿನ ಕೈನಡುಕ, ಬೆವರು; ಎರಡು ದಿನದೊಳಗೆ ಮೂರ್ಛೆ ಬರಬಹುದು; ಎರಡರಿಂದ ನಾಲ್ಕನೆಯ ದಿನದಲ್ಲಿ ಹುಳ, ಇಲಿ, ಸಣ್ಣ ಮನುಷ್ಯರು ಕಾಣತೊಡಗಿ ಹಗಲು-ರಾತ್ರಿ ತಿಳಿಯದಂತಾಗುತ್ತದೆ. 'ವ್ರತಕ್ಕ ಮೈಲಿಗಿ ಆಗೈತಿ' ಎಂದು ಮನೆಯವರು ಇನ್ನೆರಡು ದಿನ ಉಪವಾಸ ಹಾಕುತ್ತಾರೆ. ಇದಕ್ಕೆ ಚಿಕಿತ್ಸೆ ಇಲ್ಲದಿದ್ದರೆ ಜೀವ ಹೋಗಬಹುದು. ಆಸ್ಪತ್ರೆಯಲ್ಲಿ ಡಯಜಪಾಮ್ ಜಾತಿಯ ಔಷಧ ಕೊಟ್ಟು ಐದಾರು ದಿನದಲ್ಲಿ ಇಳಿಸುತ್ತಾರೆ. ಗ್ಲೂಕೋಸ್ ಬಾಟಲಿಗೂ ಮೊದಲು ಥಯಮಿನ್ (ಬಿ1 ಜೀವಸತ್ವ) ಚುಚ್ಚುಮದ್ದು ಬೇಕು; ಹಿಂದುಮುಂದಾದರೆ ನೆನಪಿನ ಶಕ್ತಿಯೇ ಹೋಗಬಹುದು. ಮಾಲೆ ಹಾಕುವ ವಾರ ಮೊದಲೇ ಡಾಕ್ಟರನ್ನು ಕಂಡರೆ ವ್ರತಕ್ಕೂ ಭಂಗವಿಲ್ಲ.

ಬಾಣಂತಿಯ ಮಾತು ಇನ್ನೂ ತುರ್ತಿನದು. ಸಾವಿರ ಹೆರಿಗೆಗೆ ಒಂದೋ ಎರಡೋ ಕಡೆ ಮೊದಲ ಎರಡು ವಾರಗಳಲ್ಲಿ ಬಾಣಂತಿ ಸನ್ನಿ ಎಂಬ ಈ ಚಿತ್ತವಿಕಾರ ಬರುತ್ತದೆ. ಮೊದಲು ಹೋಗುವುದು ನಿದ್ದೆ, ಕೂಸು ಮಲಗಿದಾಗಲೂ ತಾಯಿಗೆ ನಿದ್ದೆಯಿಲ್ಲ. ಆಮೇಲೆ ಅನುಮಾನ, ಕೂಸು ತನ್ನದಲ್ಲ ಎಂಬ ಮಾತು. ಅಂದೇ ಆಸ್ಪತ್ರೆಗೆ ಒಯ್ಯಬೇಕು, ಕೂಸನ್ನು ಅವರೊಬ್ಬರ ಬಳಿ ಬಿಡಬಾರದು. ನಮ್ಮ ಕಡೆ ಬಾಣಂತಿಗೆ ನೀರು ಕಡಿಮೆ ಕೊಡುತ್ತಾರೆ. ಬೇಸಿಗೆಯಲ್ಲಿ ಇದು ಅಪಾಯ. ನೀರು ಬತ್ತಿದ ರಕ್ತ ಮೆದುಳಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದರೆ ತಲೆನೋವು, ಮೂರ್ಛೆ, ಒಂದು ಕಡೆ ಕೈಕಾಲು ಸೋಲುವುದು. ಇದನ್ನೂ 'ಸೋಂಕು' ಎಂದು ಬೇವಿನಸೊಪ್ಪು ನಿವಾಳಿಸುತ್ತಾ ಕೂತರೆ ಹೊತ್ತು ಮೀರುತ್ತದೆ.

ಬಿಡಿಸುವವರು ಮಾಡುವ ಕೆಲವನ್ನು ಹೆಸರಿಟ್ಟು ಬೇಡವೆನ್ನಬೇಕು. ಒಣಮೆಣಸಿನಕಾಯಿ ಹೊಗೆ ಶ್ವಾಸನಾಳವನ್ನು ಬಿಗಿಸುತ್ತದೆ, ದಮ್ಮಿನವರು ಸಾಯಬಹುದು. ಕರ್ಪೂರ ನುಂಗಿಸಿದರೆ ಕರ್ಪೂರವೇ ಮೂರ್ಛೆ ತರಿಸುತ್ತದೆ, ಮಕ್ಕಳಲ್ಲಿ ಸಣ್ಣ ಬಿಲ್ಲೆ ಸಾಕು. ಕೂಸಿಗೆ ಬರೆ ಹಾಕುವುದರಿಂದ ಆ ಗಾಯದ ನಂಜು ರಕ್ತಕ್ಕೇರುತ್ತದೆ. ವಾಮಾಚಾರ ತಡೆಗೆ ಕರ್ನಾಟಕ ತಂದ 2017ರ ಕಾಯ್ದೆಯಲ್ಲಿ ದೆವ್ವ ಬಿಡಿಸುವ ಹೆಸರಿನ ಹಿಂಸೆಗೆ ಒಂದರಿಂದ ಏಳು ವರ್ಷದ ಸಜೆಯಿದೆ. ಅದೇ ವರ್ಷದ ಕೇಂದ್ರದ ಮಾನಸಿಕ ಆರೋಗ್ಯ ಕಾಯ್ದೆಯ 95ನೆಯ ಕಲಮು ಯಾವ ರೀತಿಯಲ್ಲೂ ಸರಪಳಿ ಹಾಕಬಾರದು ಎನ್ನುತ್ತದೆ.

ಆಸ್ಪತ್ರೆಯ ಕಡೆಯ ತಪ್ಪನ್ನೂ ಹೇಳಬೇಕು. ಹ್ಯಾಲೊಪೆರಿಡಾಲ್‌ನಂಥ ಮನೋರೋಗದ ಔಷಧ ಶುರುವಾದ ಮೊದಲ ಐದು ದಿನದೊಳಗೆ ಕೆಲವರಿಗೆ, ಅದರಲ್ಲೂ ಹರೆಯದವರಿಗೆ, ಕುತ್ತಿಗೆ ಒಂದು ಕಡೆ ತಿರುಚಿಕೊಂಡು, ಕಣ್ಣಾಲಿ ಮೇಲೇರಿ, ನಾಲಿಗೆ ಹೊರಗೆ ಬರುತ್ತದೆ. ಮನೆಯವರ ಕಣ್ಣಿಗೆ ಇದು ದೆವ್ವ ಮತ್ತೆ ಮೇಲೆದ್ದಂತೆಯೇ ಕಾಣುತ್ತದೆ. ಗುಳಿಗೆ ತಿಪ್ಪೆಗೆ, ರೋಗಿ ಮತ್ತೆ ದೆವ್ವ ಬಿಡಿಸುವ ಕಟ್ಟೆಗೆ. ಇದು ಸ್ನಾಯುಗಳ ಸೆಳೆತ. ಪ್ರೊಮೆಥಜಿನ್ ಚುಚ್ಚುಮದ್ದಿಗೆ ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ಇಳಿಯುತ್ತದೆ. 'ಹೀಗಾಗಬಹುದು, ಆದರೆ ಹೆದರಬೇಡಿ, ಕೂಡಲೇ ಬನ್ನಿ' ಎಂದು ಚೀಟಿ ಬರೆಯುವಾಗಲೇ ಹೇಳಲು ಬೇಕಾದದ್ದು ಅರ್ಧ ನಿಮಿಷ. ಆ ಅರ್ಧ ನಿಮಿಷ ಉಳಿಸಿದ್ದಕ್ಕೆ ರೋಗಿಗಳು ವರ್ಷಗಟ್ಟಲೆ ಬೆಲೆ ತೆರುತ್ತಾರೆ. ಗುಳಿಗೆ ಪೂರ್ತಿ ಹಿಡಿಯಲು ಎರಡರಿಂದ ಆರು ವಾರ ಬೇಕು ಎಂದು ಹೇಳದಿದ್ದರೆ ಎಂಟನೆಯ ದಿನ ಬಿಡುತ್ತಾರೆ. ವಾಸಿಯಾದ ಮೇಲೆ ಬಿಟ್ಟರೂ ಅಷ್ಟೇ. ಬಿಟ್ಟ ಮರುದಿನ ಏನೂ ಆಗುವುದಿಲ್ಲ, ರೋಗ ತಿರುಗುವುದು ವಾರಗಳೋ ತಿಂಗಳುಗಳೋ ಕಳೆದ ಮೇಲೆ. ಆಗ ಯಾರಿಗೂ ಗುಳಿಗೆ ನೆನಪಾಗುವುದಿಲ್ಲ, ಹೊಲದ ಬದುವಿನ ಜಗಳ, ಭಾನಾಮತಿ ನೆನಪಾಗುತ್ತದೆ.

ಇದೆಲ್ಲ ದೊಡ್ಡ ಊರಿನ ತಜ್ಞರಿಂದಲೇ ಆಗಬೇಕು, 'ಧಾರವಾಡಕ್ಕ ಒಯ್ಯಬೇಕು' ಎಂಬ ಮಾತು ಸುಳ್ಳೆಂದು ತೋರಿಸಿದ್ದು ಬಳ್ಳಾರಿ ಜಿಲ್ಲೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಕಾಗದದ ಮೇಲೆ ಬಂತು. 1985ರಿಂದ 1990ರವರೆಗೆ ನಿಮ್ಹಾನ್ಸ್ ಅದನ್ನು ಬಳ್ಳಾರಿಯಲ್ಲಿ ಮಾಡಿ ನೋಡಿತು: ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ, ಬೆರಳೆಣಿಕೆಯ ಔಷಧಗಳು, ಸರಳ ದಾಖಲೆ ಪುಸ್ತಕ, ಜಿಲ್ಲಾಮಟ್ಟದಲ್ಲಿ ಒಂದು ತಂಡ. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಈ ಬಳ್ಳಾರಿ ಮಾದರಿಯ ಮೇಲೆ. ನಮ್ಮ ಜನಕ್ಕೆ ಹಂಪಿ, ತುಂಗಭದ್ರಾ ಜಲಾಶಯ ಗೊತ್ತು; ಇದೂ ಗೊತ್ತಿರಬೇಕೆಂಬುದು ನಮ್ಮ ಆಸೆ. ಈಗ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಚಿಕಿತ್ಸಾಲಯವಿದೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ದುವಾ ಮಾಡುವ ಮುಜಾವರರೇ ಪಕ್ಕದ ಡಾಕ್ಟರ ಬಳಿ ಕಳಿಸುವ 'ದವಾ-ದುವಾ' (ಔಷಧ-ಪ್ರಾರ್ಥನೆ) ಏರ್ಪಾಟು ನಡೆದಿದೆ. ಹುಲಿಗಿಯಂಥ ಕ್ಷೇತ್ರದಲ್ಲಿ ಹುಣ್ಣಿಮೆಯ ದಿನ ಇಂಥದೊಂದು ಮೇಜು ಹಾಕುವುದು ಕಷ್ಟದ ಕೆಲಸವಲ್ಲ, ಪೂಜಾರಪ್ಪನವರನ್ನು ಮೊದಲ ದಿನದಿಂದಲೇ ಜೊತೆಗೆ ಕೂರಿಸಿಕೊಂಡರೆ.

ಆಸ್ಪತ್ರೆಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾವ ದಿನ ಶುರುವಾಯಿತು, ಅದಕ್ಕೂ ಮುಂಚೆ ಜ್ವರ, ತಲೆಗೆ ಪೆಟ್ಟು, ಹೆರಿಗೆ, ಕುಡಿತ ಬಿಟ್ಟದ್ದು ಏನಾದರೂ ಇತ್ತೇ? ರಾತ್ರಿ ಎಷ್ಟು ತಾಸು ನಿದ್ದೆ? ಪ್ರತಿ ಸಲ ಎಷ್ಟು ನಿಮಿಷ, ಮುಗಿದ ಮೇಲೆ ನೆನಪಿರುತ್ತದೆಯೇ, ನಾಲಿಗೆ ಕಚ್ಚಿತ್ತೇ, ಬಟ್ಟೆಯಲ್ಲಿ ಮೂತ್ರ ಹೋಗಿತ್ತೇ? ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ಇದ್ದರೆ ಅರ್ಧ ರೋಗನಿದಾನ ಅಲ್ಲೇ ಆಗುತ್ತದೆ. ಹಿಂದೆ ಎಲ್ಲೆಲ್ಲಿ ತೋರಿಸಿದಿರಿ, ಯಾವ ಬೇರು, ಪುಡಿ, ಮದ್ದು ಕೊಟ್ಟರು ಎಂಬುದನ್ನು ಮುಚ್ಚಿಡಬೇಡಿ, ಬೈಯುವುದಿಲ್ಲ. ಜ್ವರ, ಕುತ್ತಿಗೆ ಬಿಗಿತ, ಐದು ನಿಮಿಷ ಮೀರಿದ ಮೂರ್ಛೆ, ಸಾಯುವ ಮಾತು, ಇವಿದ್ದರೆ ಹಾಳೆ ಬರೆಯುತ್ತ ಕೂರದೆ 108ಕ್ಕೆ ಫೋನ್ ಮಾಡಿ. ಯಾರನ್ನು ಕೇಳಬೇಕೆಂದು ತೋಚದಿದ್ದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್. ರಾತ್ರಿ ಹಗಲು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಕಟ್ಟಿದ ತಾಯತ, ದಾರ ಬಿಚ್ಚಿ ಬರಬೇಕಾಗಿಲ್ಲ. ಎಂ.ಆರ್.ಐ. ಯಂತ್ರದೊಳಗೆ ಹೋಗುವಾಗ ಮಾತ್ರ ಲೋಹದ್ದನ್ನೆಲ್ಲ ತೆಗೆಯಲೇಬೇಕು. ಆಗ ಅದನ್ನು ರೋಗಿಯ ಕಣ್ಣೆದುರೇ ತಾಯಿಯ ಕೈಗೆ ಕೊಟ್ಟು, ಹೊರಗೆ ಬಂದ ಕೂಡಲೇ ಮತ್ತೆ ಕಟ್ಟಿಬಿಡಿ.